ಕೆಲಸ ಹೆರ ಕೊಡಿ, ಪೈಸೆ ಒಳ ಮಡಿಕ್ಕೊಳೆಡಿ

ಮೊನ್ನೆ ಕಡಬಲ್ಲಿ ಎನ್ನ ಅಣ್ಣನ ಮನೆಲಿ ತಿಥಿ. ಊಟ ಆಗಿ, ಎಲೆ-ಅಡಕ್ಕೆ ಹರಿವಾಣ ಜೆಗಿಲಿಗೆ ಬಪ್ಪಗ ಅಣ್ಣನ ಮಗನ ಸ್ಟಾರ್ಟಪ್ಪಿನ ಶುದ್ದಿ ಸುರು ಆತು. ಮಾಣಿ ಬೆಂಗ್ಳೂರಿನ ಕೆಲಸ ಬಿಟ್ಟು ಊರಿಂಗೆ ಬಂದು ಎರಡು ವರ್ಷ ಆತು. ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸು, ಜೇನು, ಪುನರ್ಪುಳಿ ಶರಬತ್ತು – ಇದರೆಲ್ಲ ಆನ್‌ಲೈನಿಲ್ಲಿ ಮಾರ್ತ°. ಒಳ್ಳೆದೇ. ಊರಿಂಗೆ ತಿರುಗಿ ಬಂದ ಮಕ್ಕಳ ಕಂಡರೆ ಎನಗೆ ಕೊಶಿಯೇ.

"ಎನ್ನ ಕಂಪೆನಿಲಿ ಸಂಬಳಕ್ಕೆ ಒಂದು ಜೆನವೂ ಇಲ್ಲೆ ಅತ್ತೆ" ಹೇಳಿದ°. "ವೆಬ್‌ಸೈಟಿಂಗೆ ಒಬ್ಬ°, ಫೋಟೊಕ್ಕೆ ಒಬ್ಬ°, ಲೇಬಲಿಂಗೆ ಒಬ್ಬ°, ಲೆಕ್ಕಕ್ಕೆ ಒಬ್ಬ°. ಗಿರಾಕಿಗೊ ಫೋನು ಮಾಡಿರೆ ಮಾತಾಡ್ಲೆ ಪುತ್ತೂರಿನ ಒಂದು ಕೂಸು. ಎಲ್ಲವೂ ಫ್ರೀಲ್ಯಾನ್ಸು, ಎಲ್ಲವೂ ಔಟ್‌ಸೋರ್ಸು. ಎನಗೆ ತಲೆಬೆಶಿಯೇ ಇಲ್ಲೆ."

ಜೆಗಿಲಿಲಿ ಕೂದ ಗೆಂಡುಮಕ್ಕೊ ಎಲ್ಲ ಅಪ್ಪಪ್ಪು ಹೇಳಿ ತಲೆ ಆಡಿಸಿದವು. ಎನ್ನ ಸೊಸೆ ಎಂತದೂ ಮಾತಾಡಿದ್ದಿಲ್ಲೆ. ವಾಪಾಸು ಬಪ್ಪಗ ಕಾರಿಲ್ಲಿ ಹೇಳಿತ್ತು: "ಅತ್ತೆ, ಅವಂಗೆ ತಲೆಬೆಶಿ ಇಲ್ಲದ್ದದು ಎಂತಕೆ ಗೊಂತಿದ್ದಾ? ಅದೆಲ್ಲ ಎಂಗಳ ಹಾಂಗಿಪ್ಪವರ ತಲೆಲಿ ಇದ್ದು."

ಸೊಸೆಗೆ ಹಾಂಗೆ ಹೇಳುವ ಹಕ್ಕು ಇದ್ದು. ಅದು ಇಂಜಿನಿಯರಿಂಗು ಕಲ್ತದು. ಬಾಬೆ ಆದ ಮತ್ತೆ ಕೆಲಸ ಬಿಟ್ಟು ಸುಳ್ಯ ಹೊಡೆಲಿ ಇಪ್ಪ ಎಂಗಳ ಮನೆಲೇ ಕೂದೊಂಡು ಕಂಪ್ಯೂಟರಿಲ್ಲಿ ಕೆಲಸ ಮಾಡ್ತು. ಬೆಂಗ್ಳೂರಿನ ಒಂದು ಸ್ಟಾರ್ಟಪ್ಪಿನ ಆ್ಯಪಿಂಗೆ ಕನ್ನಡಲ್ಲಿ ಎಲ್ಲ ಬರದು ಕೊಟ್ಟತ್ತು. ಕರೆಂಟು ಹೋದರೆ ಇರುಳು ಎದ್ದು, ಬಾಬೆ ಒರಗಿಪ್ಪಗ ಮಾಡಿದ ಕೆಲಸ. ಕೊಟ್ಟದು ಫೆಬ್ರವರಿಲಿ. 22,000 ರುಪಾಯಿ ಬರೆಕ್ಕು. ಈಗ ಆಟಿ ಬಪ್ಪಲಾತು. ಕೇಳಿದಷ್ಟು ಸರ್ತಿಯೂ ಒಂದೇ ಉತ್ತರ: "ಬಪ್ಪ ವಾರ", "ಫಂಡಿಂಗ್ ಬರಲಿ". ಈಗೀಗ ಅದೂ ಇಲ್ಲೆ, ಎರಡು ನೀಲಿ ಗೀಟು ಮಾಂತ್ರ.

ನಿಂಗೊ ಔಟ್‌ಸೋರ್ಸು ಹೇಳುದು ಬೆಂಗ್ಳೂರಿಂದ ಬಂದ ವಿದ್ಯೆ ಹೇಳಿ ಗ್ರೇಶೆಡಿ. ಪುತ್ತೂರು, ಸುಳ್ಯ, ಕಡಬಲ್ಲಿ ಅಡಕ್ಕೆ ತೋಟ ಇಪ್ಪ ಏವ ಮನೆಯೂ ಅದರ ಮಾಡಿಗೊಂಡೇ ಬಯಿಂದು. ಮರ ಹತ್ತಿ ಮದ್ದು ಬಿಡುವವು, ಅಡಕ್ಕೆ ಕೊಯ್ವವು ನಮ್ಮ ಮನೆಯ ಆಳುಗೊ ಅಲ್ಲ. ಇಂದು ನಮ್ಮಲ್ಲಿ, ನಾಳೆ ಆಚಕರೆಲಿ, ನಾಳ್ತು ಇನ್ನೊಂದು ಊರಿಲ್ಲಿ. ಅವರ ಕೆಲಸದ ಸಾಮಾನು ಅವರದ್ದೇ, ಬಪ್ಪ ದಿನ ಅವು ಹೇಳಿದ್ದೇ. ಫ್ರೀಲ್ಯಾನ್ಸರ್ ಹೇಳಿರೆ ಮತ್ತಾರು? ಅವೇ.

ಅವಕ್ಕೆ ನಾವು ಪೈಸೆ ಏವಗ ಕೊಡ್ತು? ಹೊತ್ತೋಪಗ ಕೈಕಾಲು ತೊಳದು, ಚಾಯ ಕುಡುದು ಹೆರಡುವ ಮದಲು. "ಅಡಕ್ಕೆ ಮಾರಿದ ಮತ್ತೆ ಕೊಡ್ತೆ" ಹೇಳಿದ ಮನೆಯ ಆನು ಕಂಡಿದಿಲ್ಲೆ. ಹಾಂಗೆ ಹೇಳಿದ ಮನೆಗೆ ಮರುವರ್ಷ ಆರೂ ಬಾರವು. ಕೊಯ್ದ ಅಡಕ್ಕೆಯ ಜಾಲಿಲ್ಲಿ 40–45 ದಿನ ಒಣಗಿಸಿ, ಸೊಲಿಶಿ, ಕ್ರಯ ಏರುವನ್ನಾರ ಮಡಿಕ್ಕೊಂಡು ಮಾರುದು ನಾವು. ಆ ಕಾವದು ತೋಟದವನ ಕರ್ಮ, ಮರ ಹತ್ತಿದವನದ್ದಲ್ಲ. ಇದು ಆರೂ ಬರದು ಮಡಗದ್ದ ನ್ಯಾಯ.

ಹಾಂಗಾರೆ, ಅದೇ ಜಾಲಿಲ್ಲಿ ಆಡಿ ದೊಡ್ಡ ಆದ ಮಾಣಿಗೆ ಈ ನ್ಯಾಯ ಲ್ಯಾಪ್‌ಟಾಪು ಬಿಡುಸಿದ ಕೂಡ್ಲೇ ಮರವದು ಹೇಂಗೆ? ಮರದಿನ ಫೋನು ಮಾಡಿ ಕೇಳಿದೆ. ಫೋಟೊ ತೆಗದವಂಗೂ ಪುತ್ತೂರಿನ ಕೂಸಿಂಗೂ ಮೂರು ತಿಂಗಳಿಂದ ಕೊಟ್ಟಿದನಿಲ್ಲೆ.

"ಅಂಗಡಿಯವು ಎನಗೆ ಎರಡು ತಿಂಗಳು ಬಿಟ್ಟು ಕೊಡುದು ಅತ್ತೆ. ಆನು ಎಲ್ಲಿಂದ ಕೊಡ್ಲಿ? ಸ್ಟಾರ್ಟಪ್ಪು ಹೇಳಿರೆ ಎಲ್ಲರೂ ರಜ ಸಹಿಸೆಕ್ಕು."

"ಮಾಣಿ, ನಾಳೆ ನಿನ್ನ ಕಂಪೆನಿಗೆ ಕೋಟಿ ಬಂದರೆ ಆ ಕೂಸಿಂಗೆ ಪಾಲು ಕೊಡ್ತೆಯಾ?"

"ಅದು ಹೇಂಗೆ ಅಪ್ಪದು ಅತ್ತೆ?"

"ಲಾಭಲ್ಲಿ ಪಾಲಿಲ್ಲದ್ದವಕ್ಕೆ ನಷ್ಟಲ್ಲಿ ಪಾಲು ಎಂತಕೆ ಕೊಡುದು ಅಂಬಗ?"

ಅವಂಗೆ ಉತ್ತರ ಬಯಿಂದಿಲ್ಲೆ. ಸಂಬಳದ ಜೆನ ಬೇಡ ಹೇಳಿ ಪಿಎಫ್ ಒಳಿಶಿದ°, ರಜೆ ಒಳಿಶಿದ°, ಕೂಪಲೆ ಕುರ್ಶಿಯನ್ನೂ ಒಳಿಶಿದ°. ಅಷ್ಟು ಸಾಲದ್ದೆ ಅವರ ಕೈಂದ ಬಡ್ಡಿ ಇಲ್ಲದ್ದ ಸಾಲವನ್ನೂ ತೆಕ್ಕೊಂಡ°. ಬ್ಯಾಂಕಿನವು ಕೊಡದ್ದ ಸಾಲವ ಬಾಬೆ ಒರಗಿಸಿ ಕೆಲಸ ಮಾಡುವ ಹೆಮ್ಮಕ್ಕೊ ಕೊಡೆಕ್ಕಾ? ಇದಕ್ಕೆ ಔಟ್‌ಸೋರ್ಸು ಹೇಳುವ ಚೆಂದದ ಹೆಸರು ಬೇರೆ!

ಕಾನೂನೂ ಈ ವಿಷಯಲ್ಲಿ ನಮ್ಮ ಜಾಲಿನ ನ್ಯಾಯವನ್ನೇ ಹೇಳ್ತು. 2006ರ ಎಂಎಸ್ಎಂಇಡಿ ಕಾಯ್ದೆ ಪ್ರಕಾರ, ಸಣ್ಣ ಉದ್ಯಮದವರ ಕೈಂದ ಮಾಲೋ ಸೇವೆಯೋ ತೆಕ್ಕೊಂಡರೆ, ಬರದ ಒಪ್ಪಂದ ಇದ್ದರೂ 45 ದಿನಂದ ಹೆಚ್ಚು ತಡವು ಮಾಡ್ಲಾಗ. ಒಪ್ಪಂದ ಇಲ್ಲದ್ರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಾಲು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಮನೆಲಿ ಒಬ್ಬನೇ ಕೂದು ಕೆಲಸ ಮಾಡುವವುದೇ 'ಉದ್ಯಮ್' ನೋಂದಣಿ ಮಾಡ್ಲಕ್ಕು. ಒಂದು ಪೈಸೆ ಖರ್ಚಿಲ್ಲೆ. ಆದರೆ ಕೆಲಸ ಹಿಡಿವ ಮದಲೇ ಮಾಡಿರೆಕ್ಕು. ಎನ್ನ ಸೊಸೆ ಮಾಡಿತ್ತಿಲ್ಲೆ. ಅದಕ್ಕೇ ಈಗ ನೀಲಿ ಗೀಟು ನೋಡಿಗೊಂಡು ಕೂಪದು.

ಕಂಪೆನಿ ಮಾಡುವ ಮಕ್ಕೊ ಇನ್ನೊಂದೂ ತಿಳ್ಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಲಿ, ಸಂಬಳದ ಜೆನ ಕೆಲಸದ ಅಂಗವಾಗಿ ಬರದ್ದು ಸಾಮಾನ್ಯವಾಗಿ ಕಂಪೆನಿಯದ್ದು. ಹೆರಾಣವು ಬರದ ಬರಹ, ಬರದ ಸಾಫ್ಟ್‌ವೇರು ಅವರದ್ದೇ. ಅವು ರುಜು ಹಾಕಿ ಬರದು ಕೊಟ್ಟರೆ ಮಾಂತ್ರ ನಿಂಗಳದ್ದು. ಎಷ್ಟು ವರ್ಷಕ್ಕೆ ಹೇಳಿ ಆ ಕಾಗದಲ್ಲಿ ಬರೆಯದ್ರೆ ಐದೇ ವರ್ಷ. ವಾಟ್ಸಾಪಿಲ್ಲಿ ಹೆಬ್ಬೆರಳು ತೋರ್ಸಿ ಕೆಲಸ ಮಾಡ್ಸಿದವರ ಕಂಪೆನಿಯ ನಾಳೆ ಆರಾರು ತೆಕ್ಕೊಂಬಲೆ ಬಂದು ಕಾಗದ ಕೇಳಿರೆ, ತೋರ್ಸುಲೆ ಎಂತ ಇದ್ದು?

ಇನ್ನು, ಎಲ್ಲವನ್ನೂ ಹೆರ ಕೊಟ್ಟರೆ ಅಕ್ಕಾ? ಅದನ್ನೂ ತೋಟಲ್ಲೇ ನೋಡಿ. ಮದ್ದು ಬಿಡ್ಲೆ ಹೆರಾಣ ಜೆನ ಬಕ್ಕು. ಆದರೆ ಮದ್ದು ಎರವದು ಮನೆಯವು. 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ, 100 ಲೀಟರು ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಮತ್ತೆ ಸೇರ್ಸುದು. ಕಬ್ಬಿಣದ ಕತ್ತಿಯ ಅದ್ದಿ ನೋಡಿಯಪ್ಪಗ ಕೆಂಪು ಹಿಡುದರೆ ಸುಣ್ಣ ಸಾಲ, ಇನ್ನೂ ಹಾಕೆಕ್ಕು ಹೇಳಿ ಲೆಕ್ಕ. ಹದ ತಪ್ಪಿ ಕೊಳೆರೋಗ ಬಂದರೆ ಮರ ಹತ್ತಿದವನ ಬೈದು ಪ್ರಯೋಜನ ಇಲ್ಲೆ. ಉದುರುದು ನಮ್ಮ ಅಡಕ್ಕೆ.

ಎನ್ನ ಅಣ್ಣನ ಮಗ ಆ ಕತ್ತಿಯನ್ನೇ ಹೆರ ಕೊಟ್ಟಿದ°. ಗಿರಾಕಿಯ ಮಾತು ಕೇಳುದು ಅವನದ್ದೇ ಕೆಲಸ. ಮಳೆ ಸುರು ಅಪ್ಪಗ ಹಪ್ಪಳಕ್ಕೆ ಬೂಸರು ಬಂತು ಹೇಳಿ ಮೂರು ಜೆನ ಫೋನು ಮಾಡಿದ್ದವಡ. ಕೂಸು ಅದರ ಅವಂಗೆ ಕಳ್ಸಿದ್ದು. ಅವ° ನೋಡಿದ್ದನೇ ಇಲ್ಲೆ. ನಾಲ್ಕನೆಯವ° ಫೋಟೊ ಸಮೇತ ಊರಿಡೀ ಹಂಚಿದ ಮತ್ತೆ ಎಚ್ಚರಿಕೆ ಆತು. ಮೂರು ತಿಂಗಳು ಪೈಸೆ ಸಿಕ್ಕದ್ದ ಕೂಸು ಅಷ್ಟು ಮಾಡಿದ್ದೇ ಹೆಚ್ಚು.

ಮುಖ್ಯದ್ದು ಬೇರೆಯವರ ಕೈಲಿ ಇದ್ದರೆ ಎಂತ ಆವ್ತು ಹೇಳುದು ನಮ್ಮ ಊರಿಂಗೆ ಹೊಸತ್ತಲ್ಲ. 1980ರ ಹೊತ್ತಿಂಗೆ ಕೊಕ್ಕೊ ಕ್ರಯ ಬಿದ್ದು, ಹೆರಾಣ ಖರೀದಿದಾರ ಹಿಂದೆ ಸರುದಪ್ಪಗ ಬೆಳೆದವು ಕಂಗಾಲು ಆದವು. ಅಂಬಗ ಖರೀದಿಗೆ ಇಳುದ್ದು ಕ್ಯಾಂಪ್ಕೊ, 1973ರಲ್ಲಿ ಬೆಳೆಗಾರರೇ ಸೇರಿ ಕಟ್ಟಿದ ಸಂಸ್ಥೆ. 1986ರಲ್ಲಿ ಪುತ್ತೂರಿಲ್ಲಿ ಚಾಕ್ಲೇಟು ಫ್ಯಾಕ್ಟರಿಯೂ ಆತು. ಕೊಂಬ ಕೈಯೂ ನಮ್ಮದೇ ಆಯೆಕ್ಕು ಹೇಳುವ ಬುದ್ಧಿ ಅಂದ್ರಾಣ ಹೆರಿಯವಕ್ಕೆ ಇತ್ತು.

ಹೇಳಿ ಎಲ್ಲ ತಪ್ಪು ಕೆಲಸ ಕೊಡುವವರದ್ದೇ ಹೇಳ್ತಿಲ್ಲೆ ಆನು. ಒಂದೇ ದಿನ ಮೂರು ಮನೆಗೆ "ಬತ್ತೆ" ಹೇಳಿ, ಮೂರಕ್ಕೂ ಬಾರದ್ದೆ ಫೋನು ಆಫ್ ಮಾಡುವವು ಮರ ಹತ್ತುವವರಲ್ಲಿಯೂ ಇದ್ದವು, ಲ್ಯಾಪ್‌ಟಾಪಿನವರಲ್ಲಿಯೂ ಇದ್ದವು. ಮುಂಗಡ ತೆಕ್ಕೊಂಡು ಅರ್ಧಲ್ಲಿ ಬಿಟ್ಟು ಹೋಪದುದೇ ಮೋಸವೇ. ಹಾಂಗಾಗಿಯೇ ಎರಡೂ ಹೊಡೆಯವು ಬರದು ಮಡಗೆಕ್ಕು: ಎಂತ ಕೆಲಸ, ಏವಗ ಮುಗಿಶುದು, ಎಷ್ಟು ಸರ್ತಿ ತಿದ್ದುದು, ಪೈಸೆ ಏವ ತಾರೀಕಿಂಗೆ. ರಜ ಮುಂಗಡ, ಅರ್ಧಕ್ಕಪ್ಪಗ ರಜ, ಮುಗುದಪ್ಪಗ ಒಳುದ್ದು. "ನಮ್ಮವೇ ಅಲ್ಲದಾ" ಹೇಳಿ ಸುರು ಮಾಡಿದ ಕೆಲಸ "ನಮ್ಮವೇ ಹೀಂಗೆ ಮಾಡಿದವು" ಹೇಳಿ ಮುಗಿವದರ ಬೇಕಾದಷ್ಟು ನೋಡಿದ್ದೆ. ಕಾಗದ ಸಂಬಂಧವ ಹಾಳು ಮಾಡ್ತಿಲ್ಲೆ, ಒಳಿಶುತ್ತು.

ಇಷ್ಟೂ ಮಾಡ್ಲೆ ಎಡಿಯದ್ರೆ ಹೆರಾಣವರ ದಿನಿಗೇಳೆಡಿ. ನಿಂಗಳೇ ಮಾಡಿಗೊಳ್ಳಿ, ಎಡಿಗಾದಷ್ಟೇ ಮಾಡಿ. ಸಣ್ಣ ತೋಟದವ° ಮರ ಹತ್ತುದು ನಾಚಿಗೆ ಅಲ್ಲ. ಹತ್ತಿಸಿ ಕೂಲಿ ಕೊಡದ್ದದು ನಾಚಿಗೆ.

ನಿನ್ನೆ ಎಂಗಳಲ್ಲಿ ಎರಡನೇ ಮದ್ದು. ಹೊತ್ತೋಪಗ ಮದ್ದು ಬಿಟ್ಟವು ಪೈಸೆ ಎಣಿಶಿ ಕಿಸೆಗೆ ಹಾಕಿ ಬೈಕು ಸ್ಟಾರ್ಟ್ ಮಾಡಿದವು. ಜೆಗಿಲಿಲಿ ನಿಂದು ನೋಡಿಗೊಂಡಿದ್ದ ಸೊಸೆ ಹೇಳಿತ್ತು: "ಅತ್ತೆ, ಬಪ್ಪ ಜನ್ಮಲ್ಲಿ ಎನಗೂ ಮರ ಹತ್ತುಲೆ ಕಲಿಶಿ."

ಅದು ನೆಗೆಮಾಡಿಗೊಂಡು ಹೇಳಿದ್ದು. ಎನಗೆ ನೆಗೆ ಬಯಿಂದಿಲ್ಲೆ.