ಕ್ಯಾಮರಾದೊಳಗಿನ ಹಮಾಲಿ

2024ರ ಮಾರ್ಚ್ 25ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ ಆರಂಭವಾದಾಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಕ್ಕಳು ರಾಜ್ಯದ ಉಳಿದೆಲ್ಲ ಮಕ್ಕಳಂತೆ ಕ್ಯಾಮರಾದ ಕಣ್ಣೆದುರು ಕುಳಿತು ಉತ್ತರ ಬರೆದರು. ಕೊಠಡಿಯ ದೃಶ್ಯವನ್ನು ದೂರದ ಪರದೆಯ ಮೇಲೆ ಆಗಿಂದಾಗಲೇ ನೋಡುವ ವೆಬ್‌ಕಾಸ್ಟಿಂಗ್ ವ್ಯವಸ್ಥೆ ಈ ಪರೀಕ್ಷೆಗೆ ಬಂದದ್ದು ಆ ವರ್ಷ. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕ ಕೊಟ್ಟ ಮೇಲೂ ಶೇ. 73.40ಕ್ಕೆ ಇಳಿಯಿತು. ಕ್ಯಾಮರಾದ ಬಿಗಿಯೇ ಇದಕ್ಕೆ ಕಾರಣವೆಂಬ ಮಾತು ಮನೆಮನೆಯಲ್ಲೂ ಕೇಳಿಬಂತು.

ಕ್ಯಾಮರಾ ಇಷ್ಟು ದೊಡ್ಡ ಸಾಕ್ಷಿಯಾದ ಮೇಲೆ ಅದರ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿಯುವುದು ಮಕ್ಕಳಿಗೂ ಪಾಲಕರಿಗೂ ಅಗತ್ಯ. ಕಿಟಕಿಯಿಂದ ಒಂದು ಚೀಟಿ ಹಾರಿಬಂದು ಹುಡುಗನೊಬ್ಬನ ಬೆಂಚಿನ ಮೇಲೆ ಬಿತ್ತೆನ್ನಿ. ಸರಿಯಾಗಿ ಆ ಅರ್ಧ ಸೆಕೆಂಡಿನ ಚಿತ್ರಗಳು ತಪ್ಪಿಹೋದರೆ ಪರದೆಯ ಮೇಲೆ ಕಾಣುವುದು ಎರಡೇ: ಚೀಟಿ ಇಲ್ಲದ ಬೆಂಚು, ಚೀಟಿ ಇರುವ ಬೆಂಚು. ಅವನೇ ಜೇಬಿನಿಂದ ತೆಗೆದನೆಂದರೆ ಅಲ್ಲವೆನ್ನಲು ಸಾಕ್ಷಿ ಎಲ್ಲಿದೆ?

ಚಿತ್ರಗಳು ಹೀಗೆ ತಪ್ಪಿಹೋಗುವುದೇಕೆ? ದೋಷ ಎಲ್ಲ ಸಲವೂ ಮಸೂರದ್ದಾಗಲೀ ತಂತಿಯದ್ದಾಗಲೀ ಅಲ್ಲ. ಕ್ಯಾಮರಾ ಎಂದರೆ ಒಂದು ಪುಟ್ಟ ಕಂಪ್ಯೂಟರ್. ಒಂದೇ ಕೆಲಸಕ್ಕೆಂದು ಉಪಕರಣದೊಳಗೆ ಹುದುಗಿಸಿಟ್ಟ ಇಂಥ ಕಂಪ್ಯೂಟರಿಗೆ ಎಂಬೆಡೆಡ್ ವ್ಯವಸ್ಥೆ ಎಂದು ಹೆಸರು. ಇದರ ಪ್ರೊಸೆಸರ್ ಅಗ್ಗದ್ದು, ಫ್ಯಾನ್ ಇಲ್ಲದ್ದು. ಏಪ್ರಿಲ್ ಬಿಸಿಲಿನಲ್ಲಿ ವಿಜಯಪುರ ಜಿಲ್ಲೆಯ ಉಷ್ಣತೆ 40 ಡಿಗ್ರಿ ಮುಟ್ಟುವಾಗ ಅದು ತನ್ನ ರಕ್ಷಣೆಗಾಗಿ ವೇಗವನ್ನೇ ತಗ್ಗಿಸಿಕೊಳ್ಳಬಹುದು. ಹೊರೆ ಹೆಚ್ಚಿದ್ದರೆ ಆಗಲೇ ಚಿತ್ರಗಳು ಜಾರಿಹೋಗುವುದು.

ಆ ಹೊರೆ ಎಷ್ಟು? ಲೆಕ್ಕ ಹಾಕಿಯೇ ನೋಡೋಣ. ಒಂದು ಚಿತ್ರದಲ್ಲಿ ಅಡ್ಡ 1920, ಉದ್ದ 1080 ಚಿತ್ರಬಿಂದುಗಳಿದ್ದರೆ ಒಟ್ಟು 20,73,600. ಬಿಂದುವೊಂದಕ್ಕೆ ಒಂದೂವರೆ ಬೈಟ್, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ ಸೆಕೆಂಡಿಗೆ 7 ಕೋಟಿ 77 ಲಕ್ಷಕ್ಕೂ ಹೆಚ್ಚು ಬೈಟ್. ಇದನ್ನು ಸ್ಮೃತಿಯ ಒಂದೆಡೆಯಿಂದ ಇನ್ನೊಂದೆಡೆಗೆ ನಕಲು ಮಾಡಲು ಓದಬೇಕು, ಬರೆಯಲೂಬೇಕು. ಅಲ್ಲಿಗೆ 15 ಕೋಟಿ ದಾಟಿತು. ಇಂಥ ನಕಲು ಮೂರು ಕಡೆ ಆದರೆ 46 ಕೋಟಿ ಮೀರುತ್ತದೆ. ಸೋಜಿಗವೆಂದರೆ, ಇಷ್ಟೆಲ್ಲ ದುಡಿದರೂ ಪ್ರೊಸೆಸರ್ ಮಾಡಿದ್ದು ಎಣಿಕೆಯ ಕೆಲಸವಲ್ಲ, ಬರೀ ಹೊರುವ ಕೆಲಸ!

ಇಂಡಿಯ ನಿಂಬೆಹಣ್ಣಿನ ವಹಿವಾಟು ಎಲ್ಲರಿಗೂ ಗೊತ್ತು. ಅಂಗಡಿಯ ಗುಮಾಸ್ತ ಲೆಕ್ಕ ಬರೆಯುವುದನ್ನು ಬಿಟ್ಟು ತಾನೇ ಚೀಲ ಹೊರತೊಡಗಿದರೆ ವ್ಯಾಪಾರ ನಡೆದೀತೇ? ಚೀಲ ಹೊರಲು ಹಮಾಲಿ ಇದ್ದಾನೆ. ಯಾವ ಗೋದಾಮು, ಎಷ್ಟು ಚೀಲ ಎಂದು ಹೇಳಿದರೆ ಸಾಕು, ಮುಗಿದ ಮೇಲೆ ಅವನೇ ಬಂದು ಕೂಗುತ್ತಾನೆ. ಕಂಪ್ಯೂಟರಿನೊಳಗಿನ ಈ ಹಮಾಲಿಯ ಹೆಸರು ಡಿ.ಎಂ.ಎ., ಅಂದರೆ ಡೈರೆಕ್ಟ್ ಮೆಮೊರಿ ಆ್ಯಕ್ಸೆಸ್. ಅವನಿಗೆ ಅಪ್ಪಣೆ ಕೊಡುವ ತಂತ್ರಾಂಶವೇ ಡಿವೈಸ್ ಡ್ರೈವರ್. ಹಮಾಲಿಯ ಕೂಗಿಗೆ ಇಂಟರಪ್ಟ್ ಎನ್ನುತ್ತಾರೆ. ಅವನು ಗೆರೆಗೊಮ್ಮೆ ಕೂಗಿದರೆ ಪ್ರೊಸೆಸರ್ ಸೆಕೆಂಡಿಗೆ 27,000 ಸಲ ತಲೆಯೆತ್ತಬೇಕು. ಚಿತ್ರಕ್ಕೊಮ್ಮೆ ಕೂಗಿದರೆ 25 ಸಲ ಸಾಕು.

ಇನ್ನು ಡ್ರೈವರಿನ ಗೋದಾಮಿನಲ್ಲಿ ಇಳಿದ ಚಿತ್ರವನ್ನು ಅದನ್ನು ಬಳಸುವ ತಂತ್ರಾಂಶದ ಗೋದಾಮಿಗೆ ಮತ್ತೆ ಸಾಗಿಸಬೇಕೇ? ಬೇಡ, ಕೀಲಿಕೈ ಕೊಟ್ಟರಾಯಿತು. ಲಿನಕ್ಸ್‌ನ ವಿಡಿಯೋ ವ್ಯವಸ್ಥೆಯಲ್ಲಿ ಎಂಮ್ಯಾಪ್ ಎಂಬ ಕ್ರಮ ಮಾಡುವುದು ಇದನ್ನೇ. ಸ್ಮೃತಿಯ ಅದೇ ಜಾಗವನ್ನು ಇಬ್ಬರೂ ನೋಡುತ್ತಾರೆ, ನಕಲಿನ ಮಾತೇ ಇಲ್ಲ. ಜಾಣ ಡ್ರೈವರ್ ಒಂದರ ಬದಲು ನಾಲ್ಕು ಜಾಗ ಇಟ್ಟುಕೊಂಡು ಸುತ್ತು ಸರದಿಯಲ್ಲಿ ತುಂಬಿಸುತ್ತದೆ. ಚಿತ್ರವೊಂದಕ್ಕೆ 40 ಮಿಲಿಸೆಕೆಂಡಿನಂತೆ, ಪ್ರೊಸೆಸರ್ 120 ಮಿಲಿಸೆಕೆಂಡ್ ತಡಮಾಡಿದರೂ ಚಿತ್ರ ನಷ್ಟವಾಗದು. ಚಿತ್ರವನ್ನು ಅಡಕಗೊಳಿಸುವ ಕೆಲಸವನ್ನೂ ಬೇರೊಂದು ವಿಶೇಷ ಮಂಡಲಕ್ಕೆ ವಹಿಸುವುದುಂಟು. 2003ರಲ್ಲಿ ರೂಪುಗೊಂಡ ಎಚ್.264 ಕ್ರಮದಲ್ಲಿ ಈ ಪ್ರವಾಹ ಸೆಕೆಂಡಿಗೆ ಎರಡೂವರೆ ಲಕ್ಷ ಬೈಟಿಗೆ ಇಳಿದರೆ, ಅದು ಮೂಲದ ಮುನ್ನೂರನೇ ಒಂದು ಪಾಲು.

ಹಮಾಲಿಯನ್ನು ನಂಬಿದರೂ ಒಂದು ಎಚ್ಚರ ಬೇಕು. ಪ್ರೊಸೆಸರ್ ಈಚೆಗೆ ಓದಿದ್ದನ್ನು ಕ್ಯಾಶ್ ಎಂಬ ಕಿರುಸ್ಮೃತಿಯಲ್ಲಿ ಇಟ್ಟುಕೊಂಡಿರುತ್ತದೆ. ಹಮಾಲಿ ಗೋದಾಮಿನಲ್ಲಿ ಹೊಸ ಮಾಲು ಇಳಿಸಿದ್ದರೂ ಗುಮಾಸ್ತ ಹಳೆಯ ಚೀಟಿಯನ್ನೇ ಓದಿದಂತೆ, ಪ್ರೊಸೆಸರ್ ಹಳೆಯ ಚಿತ್ರದ ತುಣುಕನ್ನೇ ಓದಿಬಿಡಬಹುದು. ಆಗ ಹೊಸ ಚಿತ್ರದ ನಡುವೆ ಹಿಂದಿನ ಚಿತ್ರದ ಪಟ್ಟಿಗಳು ಕಾಣುತ್ತವೆ. ಹಳೆಯದನ್ನು ಮೊದಲು ರದ್ದು ಮಾಡಿಸುವುದು ಡ್ರೈವರ್ ಬರೆಯುವವನ ಹೊಣೆ. ಇದನ್ನು ಮರೆತವರು ಕಡಿಮೆಯೇನಲ್ಲ, ಮತ್ತು ದೋಷ ಯಾವಾಗಲೋ ಒಮ್ಮೆ ಮಾತ್ರ ಕಾಣುವುದರಿಂದ ಹುಡುಕುವುದೂ ಕಷ್ಟ.

ಈ ಹೊರೆಯನ್ನು ಶಾಲೆಯ ಕಂಪ್ಯೂಟರಿನಲ್ಲಿಯೇ ಅಳೆದು ನೋಡಬಹುದು. ಬ್ರೌಸರಿನಲ್ಲಿ ಒಂದು ವಿಡಿಯೋ ಓಡಿಸಿ, ವಿಂಡೋಸ್ ಆದರೆ ಟಾಸ್ಕ್ ಮ್ಯಾನೇಜರ್, ಲಿನಕ್ಸ್ ಆದರೆ ಟಾಪ್ ತೆರೆದು ಪ್ರೊಸೆಸರಿನ ಶೇಕಡಾ ಹೊರೆಯನ್ನು ಬರೆದಿಡಿ. ಬಳಿಕ ಬ್ರೌಸರಿನ ಸೆಟ್ಟಿಂಗ್‌ನಲ್ಲಿ ಹಾರ್ಡ್‌ವೇರ್ ಆ್ಯಕ್ಸಲರೇಷನ್ ಎಂಬುದನ್ನು ಆರಿಸಿ, ಬ್ರೌಸರನ್ನು ಮುಚ್ಚಿ ತೆರೆದು, ಅದೇ ವಿಡಿಯೋವನ್ನು ಅದೇ ಅಳತೆಯಲ್ಲಿ ಇನ್ನೊಮ್ಮೆ ಓಡಿಸಿ. ಎರಡು ಅಂಕಿಗಳ ವ್ಯತ್ಯಾಸ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಬೇರೆಯಾಗುತ್ತದೆ; ಹಳೆಯ ಯಂತ್ರದಲ್ಲಿ ಒಂದು ಕಾಲಂ, ಹೊಸದರಲ್ಲಿ ಇನ್ನೊಂದು ಕಾಲಂ ಮಾಡಿಕೊಳ್ಳಿ.