ಅಂಗಡಿಯಲ್ಲಿ ಸಿಗದ ರೇಡಿಯೋ

ಈ ಬ್ಲಾಗಿನಲ್ಲಿ ರೇಡಿಯೋ ಬಗ್ಗೆ ಬರೆದು ಬಹಳ ದಿನ ಆಗಿತ್ತು. ಇವತ್ತು ಬರೀತಿರೋದು ಸ್ವಲ್ಪ ಸಿಟ್ಟಿನಿಂದಲೇ. ಓದುಗರಲ್ಲಿ ಹ್ಯಾಮ್‌ಗಳಿದ್ದರೆ, ಅದರಲ್ಲೂ ಹಿರಿಯರಿದ್ದರೆ, ಬೈದುಕೊಳ್ಳಿ, ಪರವಾಗಿಲ್ಲ. ಆದರೆ ಪೂರ್ತಿ ಓದಿ ಆಮೇಲೆ ಬೈಯಿರಿ :-)

ವಿಷಯ ಇಷ್ಟು. ಅಮೆರಿಕದ ಹವ್ಯಾಸಿ ರೇಡಿಯೋದವರಿಗೆ 2017ರಲ್ಲಿ ಎರಡು ಹೊಸ ಬ್ಯಾಂಡ್ ಸಿಕ್ಕವು. ಒಂದು 135.7ರಿಂದ 137.8 ಕಿಲೋಹರ್ಟ್ಸ್, ಇನ್ನೊಂದು 472ರಿಂದ 479 ಕಿಲೋಹರ್ಟ್ಸ್. ಬೆಂಗಳೂರು ಆಕಾಶವಾಣಿಯನ್ನ 612 ಕಿಲೋಹರ್ಟ್ಸ್‌ನಲ್ಲಿ ಕೇಳಿ ಬೆಳೆದವರಿಗೆ ಹೀಗೆ ಹೇಳಬಹುದು: ಮೊದಲನೇ ಬ್ಯಾಂಡು ಅದರ ಕಾಲುಭಾಗಕ್ಕಿಂತಲೂ ಕೆಳಗಿದೆ. ಅಲೆಯ ಉದ್ದ ಸುಮಾರು 2200 ಮೀಟರ್. ಅಂದರೆ ಒಂದೇ ಒಂದು ಅಲೆ ಎರಡು ಕಿಲೋಮೀಟರಿಗೂ ಉದ್ದ!

ನ್ಯೂಜೆರ್ಸಿಯ ನಮ್ಮ ಮನೆ ಹಿತ್ತಲಿನಿಂದ ಈ ಬ್ಯಾಂಡಿನಲ್ಲಿ ಪ್ರಸಾರ ಮಾಡೋ ಸ್ಟೇಷನ್ ಒಂದನ್ನ ನಾನೇ ಕಟ್ಟಿದೀನಿ. ಇದನ್ನ ಹೇಳಿದಾಗಲೆಲ್ಲ ಇಲ್ಲಿಯ ಹ್ಯಾಮ್‌ಗಳಿಂದ, ಬೆಂಗಳೂರಿನ ಗೆಳೆಯರಿಂದ ಬರೋದು ಮೂರೇ ಮಾತು. ಮನೆ ಜಾಗದಲ್ಲಿ ಅದು ಆಗೋ ಕೆಲಸ ಅಲ್ಲ. ಆದರೂ ಕರೆಂಟಿಗೆ ದಂಡ. ಅಷ್ಟಾದರೂ ಯಾರಿಗೆ ಬೇಕು ಅದು? ಈ ಮೂರೂ ಮಾತು ತಪ್ಪು ಅನ್ನೋದು ನನ್ನ ವಾದ. ಬರೀ ತಪ್ಪಲ್ಲ, ನಮ್ಮ ಹವ್ಯಾಸವನ್ನ ಒಳಗಿಂದಲೇ ತಿಂದು ಹಾಕ್ತಿರೋ ಮಾತುಗಳು ಇವು.

ಮೊದಲು ಜಾಗದ ವಿಚಾರ. ಪುಸ್ತಕದ ಪ್ರಕಾರ ಆಂಟೆನಾ ಅಲೆಯ ಕಾಲುಭಾಗ ಎತ್ತರ ಇದ್ದರೆ ಚೆನ್ನ. 2200 ಮೀಟರಿನ ಕಾಲುಭಾಗ ಅಂದರೆ 550 ಮೀಟರ್. ಅಷ್ಟೆತ್ತರದ ಕಂಬ ನಿಲ್ಲಿಸೋದು ನಮ್ಮ ಕೈಲಿ ಆಗಲ್ಲ. ಕಾನೂನು ಕೂಡ 60 ಮೀಟರಿಗಿಂತ ಎತ್ತರದ ಆಂಟೆನಾ ಬೇಡ ಅನ್ನುತ್ತೆ. "ನೋಡಿದೆಯಾ, ನಾವು ಹೇಳಿದ್ದು ಅದೇ" ಅಂತ ಎದ್ದು ಹೋಗಬೇಡಿ, ಕೂತುಕೊಳ್ಳಿ. ನನ್ನ ಹಿತ್ತಲಲ್ಲಿ ಎರಡು ಮರ ಇವೆ. ಅವುಗಳ ನಡುವೆ 12 ಮೀಟರ್ ಎತ್ತರದಲ್ಲಿ 40 ಮೀಟರ್ ತಂತಿ, ಅದರಿಂದ ನೆಲಕ್ಕೆ ಇಳಿಯೋ ಇನ್ನೊಂದು ತಂತಿ. ಇಷ್ಟೇ ಆಂಟೆನಾ. 137 ಕಿಲೋಹರ್ಟ್ಸ್‌ಗೆ ಇದು ಆಂಟೆನಾನೇ ಅಲ್ಲ, ಸುಮಾರು 300 ಪಿಕೋಫ್ಯಾರಡ್‌ನ ಒಂದು ಕೆಪಾಸಿಟರ್. ಭೂಮಿ ಒಂದು ತಟ್ಟೆ, ತಂತಿ ಇನ್ನೊಂದು ತಟ್ಟೆ. ಈ ಕೆಪಾಸಿಟರಿಗೆ ಸರಿಸಮನಾದ ಕಾಯಿಲ್ ಒಂದನ್ನ ಸೇರಿಸಿದರೆ ಎರಡೂ ಅನುರಣಿಸುತ್ತವೆ, ತಂತಿಯೊಳಗೆ ಕರೆಂಟು ಹರಿಯುತ್ತೆ. ಬೇಕಾಗೋ ಕಾಯಿಲ್ ಸುಮಾರು 4.5 ಮಿಲಿಹೆನ್ರಿ. 30 ಸೆಂಟಿಮೀಟರ್ ಅಡ್ಡಗಲದ ಪ್ಲಾಸ್ಟಿಕ್ ಬಕೆಟ್ ತಗೊಂಡು, 40 ಸೆಂಟಿಮೀಟರ್ ಉದ್ದಕ್ಕೆ 165 ಸುತ್ತು ವೈರ್ ಸುತ್ತಿ. 160 ಮೀಟರ್ ವೈರ್ ಹಿಡಿಯುತ್ತೆ. ಸೂಕ್ಷ್ಮವಾಗಿ ಟ್ಯೂನ್ ಮಾಡೋಕೆ ಒಳಗಡೆ ತಿರುಗೋ ಹಾಗೆ ಚಿಕ್ಕ ಕಾಯಿಲ್ ಇನ್ನೊಂದು.

ಈಗ ಹೇಳಿ, ಇದರಲ್ಲಿ ಮನೆಯಲ್ಲಿ ಆಗದೇ ಇರೋದು ಯಾವುದು? ಬಕೆಟ್ಟೋ, ವೈರೋ? ನೆಲ ಸರಿ ಇಲ್ಲ, ಅರ್ಥಿಂಗ್ ಸಿಗಲ್ಲ ಅಂತ ನೆಪ ಹೇಳೋವ್ರನ್ನ ನೋಡಿದರೆ, ಕುಣಿಯಲಾರದವಳು ನೆಲ ಡೊಂಕು ಅಂದ ಗಾದೆ ನೆನಪಾಗುತ್ತೆ. ನೆಲ ಎಲ್ಲರದ್ದೂ ಡೊಂಕೇ. ನಾಲ್ಕು ರಾಡು ಹೊಡೆದು, ಹತ್ತು ತಂತಿ ಹೂತು, ಅಳೆದು ನೋಡಿ. ಇನ್ನೆರಡು ರಾಡು ಹೊಡೆದು ಮತ್ತೆ ಅಳೆಯಿರಿ. ಆ ಅಳತೆ ಮಾಡೋದೇ ಈ ಹವ್ಯಾಸ.

ಒಂದು ಎಚ್ಚರಿಕೆ ಮಾತ್ರ ತಮಾಷೆಗೆ ಹೇಳ್ತಿಲ್ಲ. 200 ವ್ಯಾಟ್ ಕೊಟ್ಟಾಗ ಕಾಯಿಲ್ಲಿನ ಮೇಲ್ತುದಿಯಲ್ಲಿ 6000 ವೋಲ್ಟಿಗೂ ಹೆಚ್ಚು ಇರುತ್ತೆ. ಮಕ್ಕಳು, ನಾಯಿ ಹತ್ತಿರ ಸುಳಿಯದ ಹಾಗೆ ಬೇಲಿ ಬೇಕೇ ಬೇಕು. ಗುಡುಗು ಸಿಡಿಲಿನ ಲಕ್ಷಣ ಕಾಣಿಸೋ ಮುಂಚೆಯೇ ಆಂಟೆನಾ ಬಿಚ್ಚಿ ನೆಲಕ್ಕೆ ಕಟ್ಟಿರಬೇಕು.

ಇನ್ನು ದಂಡದ ವಿಚಾರ. ಇಲ್ಲಿ ವಿರೋಧಿಗಳ ಲೆಕ್ಕ ಸರಿಯಾಗಿದೆ, ಒಪ್ಪಿಕೊಳ್ತೀನಿ. ಇಷ್ಟು ಗಿಡ್ಡ ಆಂಟೆನಾದ ವಿಕಿರಣ ರೋಧ ಸುಮಾರು 0.03 ಓಮ್. ನೆಲ, ಮರ, ಕಾಯಿಲ್ ಎಲ್ಲ ಸೇರಿ ತಿನ್ನೋ ರೋಧ ಸುಮಾರು 80 ಓಮ್. ಹತ್ತು ಸಾವಿರ ಪಾಲು ಶಕ್ತಿ ಕೊಟ್ಟರೆ ನಾಲ್ಕು ಪಾಲು ಮಾತ್ರ ಆಕಾಶಕ್ಕೆ ಹೋಗುತ್ತೆ, ಮಿಕ್ಕಿದ್ದೆಲ್ಲ ಎರೆಹುಳಕ್ಕೆ ಬಿಸಿ. 200 ವ್ಯಾಟ್ ಕೊಟ್ಟರೆ ಹೊರಡೋದು 0.08 ವ್ಯಾಟ್. ಈ ಥರ ಆಂಟೆನಾ ಎಲ್ಲ ದಿಕ್ಕಿಗೂ ಸಮನಾಗಿ ಹಂಚದೆ ನೆಲದ ಮಟ್ಟದಲ್ಲಿ ಹೆಚ್ಚು ಕಳಿಸೋದರಿಂದ, ಕಾನೂನಿನ ಲೆಕ್ಕದಲ್ಲಿ ಅದು ಕಾಲು ವ್ಯಾಟ್ ಆಗುತ್ತೆ. ಕಾನೂನು ಬಿಡೋದು 1 ವ್ಯಾಟ್.

ದಂಡ ಅನ್ನೋವ್ರು ಇಲ್ಲಿಗೆ ಲೆಕ್ಕ ನಿಲ್ಲಿಸಿಬಿಡ್ತಾರೆ. ನಾನು ಮುಂದುವರಿಸ್ತೀನಿ. ಪಲ್ಸಾರ್ ಸಂಶೋಧನೆಗೆ 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಜೋ ಟೇಲರ್ ಅವರೂ ಒಬ್ಬ ಹ್ಯಾಮ್. ಅವರು 2008ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ 'ವಿಸ್ಪರ್' ವಿಧಾನದಲ್ಲಿ ಕರೆಸಂಕೇತ, ಇರೋ ಜಾಗ, ಪವರ್, ಇಷ್ಟನ್ನ ಮಾತ್ರ 110 ಸೆಕೆಂಡು ನಿಧಾನವಾಗಿ ಕಳಿಸೋದು. ಹಿಡಿಯೋ ಜಾಗ ಸುಮಾರು 6 ಹರ್ಟ್ಸ್. ಕಿವಿಗೆ ಏನೂ ಕೇಳಿಸದಿದ್ದರೂ ಕಂಪ್ಯೂಟರು ಗದ್ದಲದ ಒಳಗಿಂದ ಅದನ್ನ ಹೆಕ್ಕಿ ತೆಗೆಯುತ್ತೆ. ರಾತ್ರಿಯೆಲ್ಲ, ಹತ್ತು ಗಂಟೆಯಲ್ಲಿ ಐದನೇ ಒಂದು ಭಾಗ ಹೊತ್ತು ಪ್ರಸಾರ ಮಾಡಿದರೆ ಖರ್ಚು ಅರ್ಧ ಯೂನಿಟ್ಟಿನ ಆಸುಪಾಸು. ಒಂದು ಬಕೆಟ್ ಸ್ನಾನದ ನೀರು ಕಾಯಿಸೋ ಕರೆಂಟು! ಅಷ್ಟರಲ್ಲಿ ನನ್ನ ಸಿಗ್ನಲ್ಲು 600 ಕಿಲೋಮೀಟರ್ ಆಚೆ ನಾರ್ತ್ ಕೆರೊಲಿನಾದಲ್ಲಿ ಸಿಕ್ಕಿದೆ. ಗೋಡೆ ತುಂಬೋ ಟೀವಿಯನ್ನ ದಿನವಿಡೀ ಹಚ್ಚಿಟ್ಟು ನೋಡೋವ್ರು ನನ್ನ ಅರ್ಧ ಯೂನಿಟ್ಟನ್ನ ದಂಡ ಅಂದರೆ ನಗಬೇಕೋ ಅಳಬೇಕೋ?

ಮೂರನೇ ಮಾತೇ ನಿಜವಾದ ಜಗಳ. "ಯಾರಿಗೆ ಬೇಕು? ವಾಟ್ಸಾಪ್ ಇದೆಯಲ್ಲ?" ಇದನ್ನ ಹೊರಗಿನವರು ಕೇಳಿದರೆ ಬೇಜಾರಿಲ್ಲ. ಲೈಸೆನ್ಸ್ ಇರೋ ಹ್ಯಾಮ್‌ಗಳೇ ಕೇಳಿದರೆ ಮೈ ಉರಿಯುತ್ತೆ. ಅಂತರರಾಷ್ಟ್ರೀಯ ರೇಡಿಯೋ ನಿಯಮಾವಳಿ ನಮ್ಮ ಹವ್ಯಾಸಕ್ಕೆ ಮೂರು ಉದ್ದೇಶ ಹೇಳುತ್ತೆ: ತಾನೇ ಕಲಿಯೋದು, ಪರಸ್ಪರ ಸಂಪರ್ಕ, ತಾಂತ್ರಿಕ ಶೋಧನೆ. ಹಣದ ಆಸೆ ಇಲ್ಲದೆ ಮಾಡಬೇಕು ಅಂತಲೂ ಹೇಳುತ್ತೆ. ಇದರಲ್ಲಿ ನಡುವಿನ ಒಂದನ್ನ ಇಟ್ಟುಕೊಂಡು ಮಿಕ್ಕ ಎರಡನ್ನ ನಾವು ಕೈಬಿಟ್ಟಿದ್ದೀವಿ. ಎರಡು ಸಾವಿರ ಡಾಲರ್ ಕೊಟ್ಟು ಪೆಟ್ಟಿಗೆ ತರೋದು, ರೆಡಿಮೇಡ್ ಆಂಟೆನಾ ಏರಿಸೋದು, ಮೈಕು ಹಿಡಿದು "ಫೈವ್ ನೈನ್, ಥ್ಯಾಂಕ್ಯೂ" ಅನ್ನೋದು. ಅದೂ ಖುಷಿಯೇ, ಬೇಡ ಅನ್ನಲ್ಲ. ಆದರೆ ಸಂಪರ್ಕ ಒಂದೇ ಉದ್ದೇಶ ಅಂತಾದರೆ ವಾಟ್ಸಾಪ್ ಗೆದ್ದು ಎಷ್ಟೋ ವರ್ಷ ಆಯಿತು. ಆಮೇಲೆ ಸರ್ಕಾರಗಳು ನಮಗೆ ತರಂಗ ಯಾಕೆ ಬಿಟ್ಟಿರಬೇಕು? ಹಣ ಕೊಟ್ಟು ಕೊಳ್ಳೋಕೆ ಕಂಪನಿಗಳು ಸಾಲುಗಟ್ಟಿ ನಿಂತಿರುವಾಗ, "ನಾವು ಹರಟೆ ಹೊಡೆಯೋಕೆ" ಅನ್ನೋ ಉತ್ತರ ಎಷ್ಟು ದಿನ ನಡೆಯುತ್ತೆ?

ಲಾಂಗ್‌ವೇವ್ ಈ ಸೋಮಾರಿತನಕ್ಕೆ ಜಾಗವನ್ನೇ ಕೊಡಲ್ಲ. ಸಣ್ಣ ಸಿಗ್ನಲ್ ಕೊಡೋ ಪೆಟ್ಟಿಗೆ, ಕಿಟ್ಟು ಅಲ್ಲೊಂದು ಇಲ್ಲೊಂದು ಸಿಗಬಹುದು. ಆದರೆ ನಿಮ್ಮ ಎರಡು ಮರಕ್ಕೆ, ನಿಮ್ಮ ಹಿತ್ತಲ ಮಣ್ಣಿಗೆ ಹೊಂದೋ ಕಾಯಿಲ್ ಯಾವ ಅಂಗಡಿಯಲ್ಲೂ ಇಲ್ಲ. ಮಳೆ ಬಂದರೆ ಟ್ಯೂನ್ ಕದಲುತ್ತೆ, ಮರ ಚಿಗುರಿದರೆ ನಷ್ಟ ಏರುತ್ತೆ. ಹಾಗೇಕೆ ಅಂತ ತಲೆ ಕೆರೆದುಕೊಳ್ಳೋದು ನೀವೇ. ವಾರಕ್ಕೆ ಎರಡು ರಾತ್ರಿ ಹೀಗೆ ತಲೆ ಕೆರೆದುಕೊಂಡರೆ, ಇಂಜಿನಿಯರಿಂಗ್ ಕಾಲೇಜಿನಲ್ಲಿ ಪರೀಕ್ಷೆಗೆ ಉರು ಹೊಡೆದ ರೆಸೊನೆನ್ಸ್ ಆಗ ಅರ್ಥ ಆಗುತ್ತೆ.

"ಕೆಲಸಕ್ಕೆ ಬಾರದ ಅಲೆ" ಅನ್ನೋ ಮಾತಿಗೂ ಒಂದು ಇತಿಹಾಸ ಇದೆ. 1912ರ ಕಾನೂನಿನಲ್ಲಿ ಅಮೆರಿಕ ಹವ್ಯಾಸಿಗಳನ್ನ 200 ಮೀಟರ್ ಮತ್ತು ಅದಕ್ಕಿಂತ ಚಿಕ್ಕ ಅಲೆಗಳಿಗೆ ತಳ್ಳಿತು. ದೂರ ಹೋಗೋದು ಉದ್ದ ಅಲೆ ಮಾತ್ರ, ಚಿಕ್ಕದು ದಂಡ, ಅದನ್ನ ಈ ಹುಡುಗರು ಇಟ್ಟುಕೊಳ್ಳಲಿ ಅನ್ನೋ ಧೋರಣೆ. 1923ರ ನವೆಂಬರಿನಲ್ಲಿ ಅದೇ ಹವ್ಯಾಸಿಗಳು 110 ಮೀಟರ್ ಆಸುಪಾಸಿನಲ್ಲಿ ಫ್ರಾನ್ಸಿಗೂ ಅಮೆರಿಕಕ್ಕೂ ನಡುವೆ ಎರಡೂ ಕಡೆಯಿಂದ ಮಾತಾಡಿದರು. ಆಮೇಲೆ ಶಾರ್ಟ್‌ವೇವ್‌ಗೆ ಎಲ್ಲರೂ ಮುಗಿಬಿದ್ದರು. ಆಗ ದೊಡ್ಡವರು ಹವ್ಯಾಸಿಗಳಿಗೆ ಹೇಳಿದ್ದನ್ನ ಇವತ್ತು ಹವ್ಯಾಸಿಗಳೇ ಹವ್ಯಾಸಿಗಳಿಗೆ ಹೇಳ್ತಿದ್ದಾರೆ.

ನಮ್ಮ ನಾಡಿನ ಉದಾಹರಣೆಯೇ ಬೇಕಾ? 1935ರಲ್ಲಿ ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಅದು ಮೀಡಿಯಂ ವೇವ್, ಅದು ಜನರಿಗಾಗಿ ಮಾಡಿದ ಪ್ರಸಾರ. ನಮ್ಮದು ಬೇರೆ, ನಿಜ. ಆದರೆ 'ಆಕಾಶವಾಣಿ' ಅನ್ನೋ ಹೆಸರು ಇಡೀ ದೇಶಕ್ಕೆ ಹೋಗಿದ್ದು ಆ ಮನೆಯಿಂದ. ಮನಃಶಾಸ್ತ್ರದ ಮೇಷ್ಟ್ರಿಗೆ ರೇಡಿಯೋ ಯಾಕೆ, ಮನೆಯಲ್ಲಿ ಆಗುತ್ತಾ ಅಂತ ಆಗಲೂ ಕೇಳಬಹುದಿತ್ತು.

ಈಗ ಕಾನೂನು ಮಾಡೋವ್ರ ಕಡೆ ತಿರುಗೋಣ, ಅವರನ್ನೂ ಬಿಡಲ್ಲ. 136 ಕಿಲೋಹರ್ಟ್ಸ್ ಇಂಗ್ಲೆಂಡಿನವರಿಗೆ 1998ರಲ್ಲೇ ಸಿಕ್ಕಿತ್ತು. ಇಲ್ಲಿ ಎಫ್‌ಸಿಸಿ 2003ರಲ್ಲಿ ಆಗಲ್ಲ ಅಂತು. ಕಾರಣ, ವಿದ್ಯುತ್ ಕಂಪನಿಗಳು ಹೈಟೆನ್ಷನ್ ಲೈನಿನ ರಕ್ಷಣೆಗೆ ಅದೇ ತಂತಿಯ ಮೇಲೆ ಇದೇ ಆಸುಪಾಸಿನ ಕಂಪನಾಂಕದಲ್ಲಿ ಸಂಕೇತ ಕಳಿಸ್ತಾವೆ, ಅದಕ್ಕೆ ತೊಂದರೆ ಆದೀತು ಅಂತ. 2007ರಲ್ಲಿ ವಿಶ್ವ ಸಮ್ಮೇಳನವೇ ಈ ಬ್ಯಾಂಡನ್ನ ಹವ್ಯಾಸಿಗಳಿಗೆ ಕೊಟ್ಟಮೇಲೂ ಇಲ್ಲಿ ಇನ್ನೂ ಹತ್ತು ವರ್ಷ ಕಾಯಬೇಕಾಯಿತು. ಈಗಲೂ ಪ್ರಸಾರ ಶುರು ಮಾಡೋ ಮುಂಚೆ ಯುಟಿಲಿಟೀಸ್ ಟೆಕ್ನಾಲಜಿ ಕೌನ್ಸಿಲ್‌ಗೆ ತಿಳಿಸಬೇಕು, ಅಂಥ ಸಂಕೇತ ಇರೋ ಲೈನಿನಿಂದ 1 ಕಿಲೋಮೀಟರ್ ದೂರ ಇರಬೇಕು. ಕರೆಂಟ್ ಹೋದರೆ ಆಸ್ಪತ್ರೆಗೂ ಕಷ್ಟ, ಹಾಗಾಗಿ ಈ ಎಚ್ಚರಿಕೆಗೆ ನನ್ನ ತಕರಾರಿಲ್ಲ.

ತಕರಾರು ಇರೋದು ಇನ್ನೊಂದು ಕಡೆ. ಕಂಪ್ಯೂಟರು, ಚಾರ್ಜರು ಇತ್ಯಾದಿಗಳಿಂದ ಕರೆಂಟ್ ವೈರಿಗೆ ಹರಿಯೋ ರೇಡಿಯೋ ಗದ್ದಲಕ್ಕೆ ಎಫ್‌ಸಿಸಿ ನಿಯಮದಲ್ಲಿ ಸಾಮಾನ್ಯ ಮಿತಿ ಶುರುವಾಗೋದೇ 150 ಕಿಲೋಹರ್ಟ್ಸ್‌ನಿಂದ. ಎಷ್ಟೋ ಪವರ್ ಸಪ್ಲೈಗಳ ಮೂಲ ಕಂಪನಾಂಕವನ್ನ ಅದಕ್ಕಿಂತ ಕೆಳಗೆ ಇಡೋದು ಇದೇ ಕಾರಣಕ್ಕೆ. ನಮ್ಮ ಬ್ಯಾಂಡ್ ಇರೋದು ಎಲ್ಲಿ? 136ರಲ್ಲಿ. ನನ್ನ ಕಾಲು ವ್ಯಾಟಿಗೆ ಮುನ್ಸೂಚನೆ, ಅಳತೆ, ದೂರ, ಎತ್ತರ ಎಲ್ಲ ಬೇಕು. ಬೀದಿಯ ಎಲ್ಲ ಮನೆಗಳ ಎಲ್ಲ ಚಾರ್ಜರುಗಳು ಸೇರಿ ಕೂಗೋದಕ್ಕೆ ಹೇಳೋರು ಕೇಳೋರು ಇಲ್ಲ. ಕಲಿಯೋಕೆ ಹೊರಟವನಿಗೆ ಕಾವಲು, ಕೊಂಡು ತಂದವನಿಗೆ ವಿನಾಯ್ತಿ!

ಮನೆ ಅಸೋಸಿಯೇಷನ್ನುಗಳ ಕಥೆಯೂ ಇದೇ. ನಮ್ಮ ಬಡಾವಣೆಯ ಅಸೋಸಿಯೇಷನ್ನಿನಿಂದ ನನಗೂ ಪತ್ರ ಬಂತು, ಮರದ ಮೇಲಿನ ತಂತಿ "ಅಂದಗೆಡಿಸುತ್ತೆ" ಅಂತ. ಡಿಸೆಂಬರಿನಲ್ಲಿ ಪ್ರತಿ ಮನೆಗೂ ಸುತ್ತೋ ದೀಪದ ಮಾಲೆ ಮಾತ್ರ ಅಂದ! ಟೀವಿ ಡಿಶ್ಶಿಗೆ 1996ರಿಂದ ಕಾನೂನಿನ ರಕ್ಷಣೆ ಇದೆ, ಯಾವ ಅಸೋಸಿಯೇಷನ್ನೂ ಸುಮ್ಮಸುಮ್ಮನೆ ಬೇಡ ಅನ್ನೋ ಹಾಗಿಲ್ಲ. ಹ್ಯಾಮ್ ಆಂಟೆನಾಕ್ಕೆ 1985ರಲ್ಲಿ ಸಿಕ್ಕ ರಕ್ಷಣೆ ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳ ಎದುರಿಗೆ ಮಾತ್ರ, ಖಾಸಗಿ ಕರಾರಿನ ಎದುರಿಗೆ ಅಲ್ಲ. ಅದನ್ನ ಸರಿಪಡಿಸೋ ಮಸೂದೆಯನ್ನ ಇಲ್ಲಿಯ ಕೆಳಮನೆ 2016ರಲ್ಲೂ 2017ರಲ್ಲೂ ಪಾಸು ಮಾಡಿತು, ಎರಡು ಸಲವೂ ಕಾನೂನಾಗಲಿಲ್ಲ. ಕೂತು ನೋಡೋವನ ತಟ್ಟೆಗೆ ಹಕ್ಕಿದೆ, ಕಟ್ಟಿ ಕಲಿಯೋವನ ತಂತಿಗೆ ಇಲ್ಲ.

ಇಂಥ ನಿಯಮ ಬದಲಾಗಬೇಕಾದರೆ ಮೊದಲು ಆ ಬ್ಯಾಂಡಿನಲ್ಲಿ ಜನ ಇರಬೇಕು. ಇದು ನಮಗೆ ಸಿಕ್ಕಿರೋದು ಎರಡನೇ ದರ್ಜೆಯ ಹಕ್ಕಿನ ಮೇಲೆ. ಖಾಲಿ ಬಿದ್ದಿರೋ ಸೈಟಿಗೆ ಬೇಲಿ ಹಾಕೋರು ಯಾವ ಊರಲ್ಲೂ ಇರ್ತಾರೆ. ನಾಳೆ ಯಾರೋ "ಇಲ್ಲಿ ಯಾರೂ ಇಲ್ವಲ್ಲ" ಅಂದಾಗ ತೋರಿಸೋಕೆ ನಮ್ಮ ಹತ್ತಿರ ಏನಿರುತ್ತೆ? ಹಿರಿಯರು ಕ್ಲಬ್ಬಿನಲ್ಲಿ ಕೂತು ಹೊಸ ಹುಡುಗರಿಗೆ "ಆಗಲ್ಲ ಬಿಡಪ್ಪಾ" ಅಂದ ಒಂದೊಂದು ಸಲವೂ ಆ ಬೇಲಿಗೆ ಒಂದೊಂದು ಗೂಟ.

ಬೆಂಗಳೂರಿನ ಗೆಳೆಯರಿಗೆ ಒಂದು ಮಾತು. ಪ್ರಸಾರಕ್ಕೆ ಕೈ ಹಾಕೋ ಮುಂಚೆ ನಿಮ್ಮ ಲೈಸೆನ್ಸು ಯಾವ ಬ್ಯಾಂಡಿಗೆ, ಎಷ್ಟು ಪವರಿಗೆ ಅನುಮತಿ ಕೊಡುತ್ತೆ ಅಂತ ಓದಿ. ಅದನ್ನ ಮೀರಬೇಡಿ. ಆದರೆ ಕೇಳೋಕೆ 40 ಮೀಟರ್ ತಂತಿ ಬೇಕಿಲ್ಲ. 30x40 ಸೈಟಿನ ತಾರಸಿ ಮೇಲೆ ಒಂದು ಲೂಪ್ ಸುತ್ತಿ, ಒಂದೊಂದೇ ಚಾರ್ಜರ್ ಕಿತ್ತು, ಗದ್ದಲ ಯಾವುದರಿಂದ ಬರ್ತಿದೆ ಅಂತ ಹುಡುಕಿ. ಒಂದು ತಿಂಗಳಲ್ಲಿ ನಿಮ್ಮ ಮನೆಯ ವೈರಿಂಗ್ ಬಗ್ಗೆ ಎಲೆಕ್ಟ್ರಿಷಿಯನ್‌ಗಿಂತ ಚೆನ್ನಾಗಿ ತಿಳಿದಿರುತ್ತೆ.

ಇಲ್ಲಿಯ ಹ್ಯಾಮ್‌ಗಳಿಗೆ ಹೇಳೋದು ಇಷ್ಟೇ. ಮುಂದಿನ ಸಲ ಹೊಸ ಪೆಟ್ಟಿಗೆಯ ಕ್ಯಾಟಲಾಗ್ ತೆರೆಯೋ ಮುಂಚೆ ಒಂದು ಬಕೆಟ್ ತಂದು ಅದಕ್ಕೆ 165 ಸುತ್ತು ಸುತ್ತಿ. ಆಮೇಲೆ ಬನ್ನಿ, ದಂಡವೋ ಅಲ್ಲವೋ ಅಂತ ಮಾತಾಡೋಣ. ಅಲ್ಲೀತನಕ ನಿಮ್ಮ "ಆಗಲ್ಲ" ನನಗೆ ಬರೀ ಗದ್ದಲ. ಗದ್ದಲದ ಒಳಗಿಂದ ಸಿಗ್ನಲ್ ಹೆಕ್ಕೋದು ಹೇಗೆ ಅಂತ ಈ ಬ್ಯಾಂಡು ನನಗೆ ಕಲಿಸಿಬಿಟ್ಟಿದೆ.