ಮೊದಲು ತೊಟ್ಟಿ, ಆಮೇಲೆ ಡೇರೆ

ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳಿಗೆ ಈಗ ಎರಡು ಬಗೆಯ ಹೆಸರಿದೆ. ಒಂದು ಎಲ್ಲರಿಗೂ ಗೊತ್ತಿರುವುದು: ಒಂದನೆಯ ಪುಲಕೇಶಿ ಇಲ್ಲಿ ಕೋಟೆ ಕಟ್ಟಿದ ಸಂಗತಿಯನ್ನು 543ರ ಬಂಡೆ ಶಾಸನ ಹೇಳುತ್ತದೆ, ಮಂಗಳೇಶ ಮಾಡಿಸಿದ ಮೂರನೆಯ ಗುಹಾಲಯಕ್ಕೆ 578ರ ಶಾಸನವಿದೆ. ಇನ್ನೊಂದು ಹೆಸರು ಬಂದದ್ದು ಇತ್ತೀಚೆಗೆ. ಹಗ್ಗ ಕಟ್ಟಿಕೊಂಡು ನೇರ ಗೋಡೆ ಏರುವ ಆಟಕ್ಕೆ ದೇಶದಲ್ಲೇ ಒಳ್ಳೆಯ ಜಾಗ ಎಂದು ಶಿಲಾರೋಹಿಗಳು ಬಾದಾಮಿಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಪದಕ ಬಂದ ಮೇಲೆ ಬೆಂಗಳೂರು, ಪುಣೆಗಳಂಥ ಊರುಗಳ ಕೃತಕ ಗೋಡೆಗಳಲ್ಲಿ ಕಲಿತ ಹುಡುಗ ಹುಡುಗಿಯರು ನಿಜವಾದ ಬಂಡೆ ಹುಡುಕಿಕೊಂಡು ಹೊರಡುತ್ತಿದ್ದಾರೆ. ನವೆಂಬರ್‌ನಿಂದ ಫೆಬ್ರುವರಿವರೆಗಿನ ತಂಪಿನ ನಾಲ್ಕು ತಿಂಗಳು ಅವರ ಹಂಗಾಮು. ಅವರಲ್ಲಿ ಬಹಳ ಮಂದಿಗೆ ಹುಬ್ಬಳ್ಳಿಯೇ ಹೆಬ್ಬಾಗಿಲು. ವಿಮಾನ ಇಳಿಯುವುದೂ ಇಲ್ಲಿ, ಗದಗ ಮಾರ್ಗದ ರೈಲು ಹಿಡಿಯುವುದೂ ಇಲ್ಲಿ. ಹೀಗೆ ಬರುವವರು ಎಲ್ಲಿ ಮಲಗಬೇಕು, ಎಲ್ಲಿ ಸ್ನಾನ ಮಾಡಬೇಕು, ಬೆಳಗಿನ ಶೌಚಕ್ಕೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ನಾವು ಸಾರ್ವಜನಿಕವಾಗಿ ಉತ್ತರ ಯೋಚಿಸಬೇಕಾದ ಸಮಯ ಬಂದಿದೆ. ಬಾದಾಮಿಗೆ ಒಂದು ಸಣ್ಣ, ಸಾರ್ವಜನಿಕ ಒಡೆತನದ, ಸಂಖ್ಯೆಗೆ ಮಿತಿ ಇಟ್ಟ ಡೇರೆ ತಾಣ ಬೇಕು, ಮತ್ತು ಅದರ ಮಿತಿಯನ್ನು ಜಾಗದ ವಿಸ್ತಾರ ನೋಡಿ ನಿರ್ಧರಿಸದೆ ನೀರಿನ ಲೆಕ್ಕ ನೋಡಿ ನಿರ್ಧರಿಸಬೇಕು ಎಂಬುದು ನನ್ನ ವಾದ.

ಅಂಥ ತಾಣ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಮರಳುಗಲ್ಲಿನ ಸ್ವಭಾವದಲ್ಲೇ ಇದೆ. ಅದು ಗ್ರಾನೈಟ್‌ನಂತೆ ಗಟ್ಟಿಯಲ್ಲ, ನೀರು ಹೀರುತ್ತದೆ. ಮಳೆಯಲ್ಲಿ ನೆನೆದ ಗೋಡೆಯನ್ನು ಒಣಗುವ ಮೊದಲೇ ಏರಿದರೆ ಕೈಹಿಡಿಕೆಗಳು ಕಿತ್ತು ಬರುತ್ತವೆ. ಬಂಡೆಯ ಚಾಚಿನ ಕೆಳಗೆ ಬೆಂಕಿ ಹಾಕಿದರೆ ಮಸಿ ಹತ್ತುವುದಷ್ಟೇ ಅಲ್ಲ, ಕಾವಿಗೆ ಕಲ್ಲಿನ ಪದರವೇ ಸಿಡಿದು ಉದುರುತ್ತದೆ. ಇಂಥ ಚಾಚುಗಳ ಅಡಿಯಲ್ಲೇ ನಮ್ಮ ಅತ್ಯಂತ ಹಳೆಯ ಚಿತ್ರಗಳಿವೆ. ಬಾದಾಮಿಯಿಂದ ಕಾಲ್ನಡಿಗೆಯ ದೂರದಲ್ಲಿರುವ ಸಿಡಿಲಫಡಿಯ ಕಲ್ಲಾಸರೆಯಲ್ಲಿ ಇತಿಹಾಸಪೂರ್ವ ಕಾಲದ ಮನುಷ್ಯರ ಕೈಗೆಲಸ ಇಂದಿಗೂ ಕಾಣುತ್ತದೆ. ಗುಡ್ಡದ ಮೇಲೆ ಮಣ್ಣಿನ ಹೊದಿಕೆ ತೆಳು, ಹೂತ ಮಲ ಅಲ್ಲಿ ಮಣ್ಣಾಗುವುದಿಲ್ಲ. ಮಳೆ ಜೋರಾದಾಗ ಅಕ್ಕ-ತಂಗಿ ಜಲಪಾತವಾಗಿ ಧುಮುಕುವ ನೀರು ಬಂದು ಸೇರುವುದು ಅಗಸ್ತ್ಯತೀರ್ಥಕ್ಕೆ, ಊರಿನ ಹೆಣ್ಣುಮಕ್ಕಳು ಬಟ್ಟೆ ಒಗೆಯುವ ಮೆಟ್ಟಿಲುಗಳಿಗೆ. ಡೇರೆಗೆ ಗೊತ್ತಾದ ಜಾಗ ಇಲ್ಲದಿದ್ದರೆ ಅದು ಬಂಡೆಯ ಬುಡದಲ್ಲೇ ಏಳುತ್ತದೆ. ಹಾಗೆ ಏಳುವ ಒಂದೊಂದು ಡೇರೆಯೂ ಈ ಕಲ್ಲಿನ ಮೇಲೆ, ಈ ನೀರಿನ ಮೇಲೆ ಬೀಳುವ ಭಾರ.

ಯೋಜನೆಯಿಲ್ಲದೆ ಬೆಳೆಯಬಿಟ್ಟು ಕೊನೆಗೆ ಜೆಸಿಬಿ ತರುವುದು ಹೇಗಿರುತ್ತದೆ ಎಂಬುದನ್ನು ನೋಡಲು ದೂರ ಹೋಗಬೇಕಿಲ್ಲ. ಹಂಪಿಯ ಎದುರು, ತುಂಗಭದ್ರೆಯ ನಡುಗಡ್ಡೆ ವಿರೂಪಾಪುರ ಗಡ್ಡಿ ಗುಂಡುಬಂಡೆ ಏರುವವರ ಮತ್ತು ವಿದೇಶಿ ಪ್ರವಾಸಿಗರ ಬೀಡಾಗಿತ್ತು. ಆ ನೆಲ 1988ರ ಅಧಿಸೂಚನೆಯಡಿ ಸಂರಕ್ಷಿತ ಎಂಬುದು ಕಡತದಲ್ಲಿತ್ತು. 2002ರಲ್ಲಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣೆಗೆಂದೇ ಪ್ರತ್ಯೇಕ ಕಾಯ್ದೆಯೂ ಬಂತು. ಆದರೂ ಗುಡಿಸಲು ಹೋಟೆಲುಗಳು ಒಂದರ ಪಕ್ಕ ಒಂದು ಎದ್ದವು. 2019ರ ಆಗಸ್ಟ್ ಪ್ರವಾಹದಲ್ಲಿ ಅಲ್ಲಿ ಸಿಕ್ಕಿಬಿದ್ದ ನೂರಾರು ಜನರನ್ನು ಹೊರತರಬೇಕಾಯಿತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೆರವಿನ ಆದೇಶವನ್ನು ಎತ್ತಿಹಿಡಿಯಿತು, ಮಾರ್ಚ್‌ನಲ್ಲಿ ಕಟ್ಟಡಗಳು ನೆಲಸಮವಾದವು. ನ್ಯಾಯಾಲಯ ಮಾಡಿದ್ದು ಸರಿ. ಸಂರಕ್ಷಿತ ನೆಲದ ಮೇಲಿನ ಅಕ್ರಮಕ್ಕೆ ಕಾನೂನು ಬೇರೆ ದಾರಿ ಕೊಡುವುದಿಲ್ಲ. ತಪ್ಪು ನಡೆದದ್ದು ಅದಕ್ಕೆ ಹಿಂದಿನ ಮೂರು ದಶಕಗಳಲ್ಲಿ, ಬರುವವರಿಗೆ ಸಕ್ರಮವಾದ ಒಂದು ಜಾಗವನ್ನೂ ತೋರಿಸದೆ ಕೂತದ್ದರಲ್ಲಿ. ತೆರವಾದ ಮೇಲೆ ಬಂಡೆ ಏರುವವರು ಬರುವುದು ನಿಂತಿತೇ? ಇಲ್ಲ, ವಸತಿಯ ವ್ಯಾಪಾರ ಸಾಣಾಪುರ, ಆನೆಗೊಂದಿಗಳ ಕಡೆ ಸರಿಯಿತು, ಗದ್ದೆಗಳ ನಡುವೆ ಚದುರಿತು. 2025ರ ಮಾರ್ಚ್‌ನಲ್ಲಿ ಸಾಣಾಪುರದ ಬಳಿ ರಾತ್ರಿ ಕಾಲುವೆ ದಡದಲ್ಲಿದ್ದವರ ಮೇಲೆ ನಡೆದ ಕ್ರೂರ ದಾಳಿಯ ಹೊಣೆ ದಾಳಿಕೋರರದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಂದವರ ಹೆಸರು ಬರೆದುಕೊಳ್ಳುವ, ದೀಪವಿರುವ, ಕಾವಲಿರುವ ತಂಗುದಾಣ ಒದಗಿಸುವುದು ಸರ್ಕಾರದ ಕೆಲಸ ಎಂಬುದನ್ನು ಆ ಘಟನೆ ನಮಗೆ ಬಹಳ ದುಬಾರಿ ಬೆಲೆಗೆ ನೆನಪಿಸಿತು.

ಸ್ಮಾರಕಗಳ ಊರಿನಲ್ಲಿ ಡೇರೆಯೇ ಬೇಡ, ಬಂಡೆ ಏರುವುದನ್ನೇ ನಿಲ್ಲಿಸಿ ಎನ್ನುವವರಿದ್ದಾರೆ. ಅವರ ಕಾಳಜಿ ಹಗುರವಾದದ್ದಲ್ಲ. ಕೆಲವು ಕಡೆ ನಿಷೇಧವೇ ಸರಿಯಾದ ಉತ್ತರ. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿದ ಮೇಲೆ ಅಲ್ಲಿ ಏರುವುದಕ್ಕೆ ಕಡಿವಾಣ ಬಿತ್ತು, ಬೀಳಲೇಬೇಕಿತ್ತು. ಬಂಡೆಯ ಸಂದಿಯಲ್ಲಿ ಗೂಡು ಕಟ್ಟುವ, ವಿನಾಶದ ಅಂಚಿಗೆ ಬಂದ ಹಕ್ಕಿಗೆ ಬೇರೆ ಮನೆಯಿಲ್ಲ. ಹಾಗೆಯೇ ಬಾದಾಮಿಯ ಗುಹಾಲಯ, ಭೂತನಾಥ ಗುಡಿ, ಕೋಟೆ, ಚಿತ್ರಗಳಿರುವ ಕಲ್ಲಾಸರೆ ಇವುಗಳ ಸುತ್ತ ಹಗ್ಗವೂ ಬೇಡ, ಹಗ್ಗ ಸಿಕ್ಕಿಸಲು ಕಲ್ಲಿಗೆ ಹೊಡೆಯುವ ಬೋಲ್ಟೂ ಬೇಡ. ಆದರೆ ಮೈಲುಗಟ್ಟಲೆ ಹರಡಿದ ಗುಡ್ಡಸಾಲಿಗೆಲ್ಲ ನಿಷೇಧ ಹೊರಡಿಸಿದರೆ ಅದನ್ನು ಕಾಯುವವರು ಯಾರು? ಅಮೆರಿಕದ ಟೆಕ್ಸಾಸ್‌ನ ಹ್ಯೂಕೊ ಟ್ಯಾಂಕ್ಸ್ ಎಂಬಲ್ಲಿ ಇದೇ ಇಕ್ಕಟ್ಟಿತ್ತು: ಮೂಲನಿವಾಸಿಗಳ ಬಂಡೆಚಿತ್ರಗಳು ಮತ್ತು ಜಗತ್ತಿನ ಶಿಲಾರೋಹಿಗಳು ಹಂಬಲಿಸುವ ಗುಂಡುಬಂಡೆಗಳು ಒಂದೇ ಗುಡ್ಡದಲ್ಲಿ. 1998ರಿಂದ ಅಲ್ಲಿ ತಾವಾಗಿ ಸುತ್ತುವವರಿಗೆ ಒಂದೇ ಗುಡ್ಡ ತೆರೆದಿದೆ, ಅದೂ ಒಮ್ಮೆಗೆ 70 ಜನರಿಗೆ ಮಾತ್ರ. ಉಳಿದ ಗುಡ್ಡಗಳಿಗೆ ಮಾರ್ಗದರ್ಶಕರ ಜೊತೆಗಷ್ಟೇ ಪ್ರವೇಶ. ಆಟವೂ ನಡೆದಿದೆ, ಚಿತ್ರಗಳಿಗೂ ಕಾವಲಿದೆ. ಡೇರೆ ಹಾಕಿ ತಂಗುವುದು ನಮ್ಮ ಸಂಸ್ಕೃತಿಯಲ್ಲ ಎಂಬ ಮಾತಂತೂ ಬಾದಾಮಿ ಸೀಮೆಯಲ್ಲಿ ನಿಲ್ಲುವುದಿಲ್ಲ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಕೂಡಿದರೆ ನಾಟಕ ಕಂಪನಿಗಳು ವಾರಗಟ್ಟಲೆ ಟೆಂಟು ಹೊಡೆದು ಕೂಡುತ್ತವೆ, ಭಕ್ತರು ಬಯಲಲ್ಲಿ ಬಿಡಾರ ಹೂಡಿ ಒಲೆ ಹಚ್ಚುತ್ತಾರೆ. ಆ ಜಾತ್ರೆಯೂ ಜನವರಿಯ ಸುಮಾರಿಗೆ, ಅಂದರೆ ಬಂಡೆ ಏರುವ ಹಂಗಾಮಿನ ನಟ್ಟನಡುವೆ ಬರುತ್ತದೆ. ಊರಿನ ನೀರು, ಶೌಚ, ಕಸದ ವ್ಯವಸ್ಥೆ ಅತಿ ಹೆಚ್ಚು ಬಳಲುವ ದಿನಗಳು ಅವು. ಡೇರೆ ತಾಣ ಆ ಹೊರೆಯನ್ನು ಇನ್ನಷ್ಟು ಹೆಚ್ಚಿಸಕೂಡದು.

ಅದಕ್ಕೇ ನೀರಿನ ಲೆಕ್ಕ ಮೊದಲು. ಬಾದಾಮಿ ಬಯಲುಸೀಮೆಯ ಊರು, ವರ್ಷದ ಮಳೆ 500ರಿಂದ 600 ಮಿಲಿಮೀಟರ್. ಮಲಪ್ರಭೆ ಹತ್ತಿರದಲ್ಲೇ ಹರಿದರೂ ಆ ಹೊಳೆಯ ಮೇಲೆ ಈಗಾಗಲೇ ಎಷ್ಟು ಬಾಯಿಗಳಿವೆ ಎಂಬುದು ನವಿಲುತೀರ್ಥದ ನೀರು ಕುಡಿಯುವ ಹುಬ್ಬಳ್ಳಿ-ಧಾರವಾಡದವರಿಗೆ ಹೇಳಿಕೊಡಬೇಕಿಲ್ಲ. ಹೊಸದಾಗಿ ಬೋರು ಕೊರೆದು ತಾಣ ಮಾಡಿದರೆ ಪಕ್ಕದ ರೈತನ ಬೋರು ಬತ್ತೀತು; ಟ್ಯಾಂಕರ್ ತರಿಸಿದರೆ ಅದೂ ಯಾರದೋ ಬೋರಿನದೇ. ಉಳಿಯುವುದು ಚಾವಣಿಯ ಮಳೆನೀರು. ಅಡುಗೆಮನೆ, ಸ್ನಾನಗೃಹ, ಪಡಸಾಲೆ ಸೇರಿ 300 ಚದರ ಮೀಟರ್ ಚಾವಣಿ ಇದೆ ಎಂದುಕೊಳ್ಳೋಣ. 550 ಮಿಲಿಮೀಟರ್ ಮಳೆಯಲ್ಲಿ ಐದನೇ ಒಂದು ಭಾಗ ಪೋಲಾದರೂ ವರ್ಷಕ್ಕೆ 1,32,000 ಲೀಟರ್ ಸಿಗುತ್ತದೆ. ಜಲಜೀವನ ಮಿಷನ್ ಗ್ರಾಮೀಣ ಮನೆಗಳಿಗೆ ಇಟ್ಟುಕೊಂಡ ಅಳತೆ ದಿನಕ್ಕೆ ತಲೆಗೆ 55 ಲೀಟರ್. ಅತಿಥಿಗೂ ಅಷ್ಟೇ ಸಾಕು, ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ಅವನಿಗಿಲ್ಲ. 40 ಜನರಿಗೆ ದಿನಕ್ಕೆ 2,200 ಲೀಟರ್, ಅಂದರೆ ಪೂರ್ತಿ ತುಂಬಿದ 60 ದಿನಗಳಿಗೆ ನೀರು. ಹಂಗಾಮು 120 ದಿನ. ವಾರಾಂತ್ಯಕ್ಕೆ ತುಂಬಿ ನಡುವಾರದಲ್ಲಿ ಖಾಲಿಯಾಗುವ ಇಂಥ ತಾಣದಲ್ಲಿ ಸರಾಸರಿ ಅರ್ಧ ಭರ್ತಿ ಎಂದರೂ ಹಂಗಾಮು ದಾಟುತ್ತದೆ. ಅಷ್ಟು ನೀರು ಹಿಡಿಯಲು ಒಂಬತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಮೂರು ಮೀಟರ್ ಆಳದ ಮುಚ್ಚಿದ ತೊಟ್ಟಿ ಸಾಕು. ನಮ್ಮ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್ ಸುಮಾರಿಗೆ; ತೊಟ್ಟಿ ತುಂಬುವ ಹೊತ್ತಿಗೆ ಹಂಗಾಮು ಶುರುವಾಗುತ್ತದೆ. ಈ ಲೆಕ್ಕದಿಂದ ಬರುವ ಸಂಖ್ಯೆ 40. ಮಳೆ ಕೈಕೊಟ್ಟ ವರ್ಷ ಅದು 25ಕ್ಕೆ ಇಳಿಯಬೇಕು, ತೊಟ್ಟಿಯ ಮಟ್ಟ ನೋಡಿಯೇ ಬುಕಿಂಗ್ ತೆರೆಯಬೇಕು.

ಶೌಚಾಲಯದ ವಿಷಯದಲ್ಲಿ ಮಾಮೂಲಿ ಸೆಪ್ಟಿಕ್ ಟ್ಯಾಂಕ್ ಇಲ್ಲಿ ಒಗ್ಗುವುದಿಲ್ಲ. ಫ್ಲಶ್‌ಗೆ ನೀರು ಬೇಕು. ಕಲ್ಲುನೆಲದಲ್ಲಿ ಇಂಗುಗುಂಡಿ ತೋಡುವುದು ಕಷ್ಟ, ಎರೆಮಣ್ಣಿನಲ್ಲಿ ನೀರು ಇಂಗುವುದೇ ನಿಧಾನ. ನೆಲದಿಂದ ಎತ್ತರಿಸಿ ಕಟ್ಟಿದ, ಮೂತ್ರವನ್ನು ಬೇರ್ಪಡಿಸಿ ಮಲವನ್ನು ಬೂದಿ, ಕಟ್ಟಿಗೆಹೊಟ್ಟು ಹಾಕಿ ಗೊಬ್ಬರ ಮಾಡುವ ಒಣ ಶೌಚಾಲಯ ಸರಿಹೊಂದುತ್ತದೆ. ನಿತ್ಯ ನಿಗಾ ಇಲ್ಲದಿದ್ದರೆ ಇದು ವಾಸನೆಯ ಕೂಪವಾಗುತ್ತದೆ ಎಂಬುದೂ ನಿಜ, ಆದ್ದರಿಂದ ಸಂಬಳದ ಕೆಲಸಗಾರರು, ಕೈಗವಸು, ಯಂತ್ರದ ಸಲಕರಣೆ ಯೋಜನೆಯ ಮೊದಲ ಸಾಲಿನಲ್ಲೇ ಇರಬೇಕು. ಮಲ ಹೊರುವ ಪದ್ಧತಿ ಇನ್ನೊಂದು ರೂಪದಲ್ಲಿ ಮರಳಿ ಬರಬಾರದು. ಕಸವನ್ನು ಮುಚ್ಚಳ ಬಿಗಿದ ಕಬ್ಬಿಣದ ಡಬ್ಬಿಗಳಲ್ಲಿಡದಿದ್ದರೆ ಬಾದಾಮಿಯ ಮಂಗಗಳು ರಾತ್ರಿಯೊಳಗೆ ಎಲ್ಲವನ್ನೂ ಹರಡುತ್ತವೆ. ತಾಣ ಇರಬೇಕಾದದ್ದು ಗುಡ್ಡದ ಬುಡದಿಂದ ದೂರ, ಪಟ್ಟಣ ಮತ್ತು ಐದು ಕಿಲೋಮೀಟರ್ ಆಚೆಯ ರೈಲು ನಿಲ್ದಾಣದ ನಡುವೆ ಎಲ್ಲಾದರೂ, ಈಗಾಗಲೇ ರಸ್ತೆ ಮತ್ತು ವಿದ್ಯುತ್ ಇರುವ ಕಡೆ. ಬೆಳಗ್ಗೆ ಬಂಡೆಗೆ ನಡೆದುಹೋಗಲು ಅರ್ಧ ಗಂಟೆ ಹೆಚ್ಚಾದೀತು. ಗೋಡೆ ಏರಬಲ್ಲವರಿಗೆ ಅದೇನು ದೊಡ್ಡದಲ್ಲ.

ಹೋಟೆಲುಗಳಿವೆ, ಸರ್ಕಾರದ್ದೇ ಮಯೂರ ಚಾಲುಕ್ಯ ಇದೆ, ಮತ್ತೇಕೆ ಡೇರೆ ಎಂಬುದು ಇನ್ನೊಂದು ಆಕ್ಷೇಪ. ಹೋಟೆಲಿನ ಅತಿಥಿಗೆ ಕಟ್ಟಡ ಸಂಹಿತೆ ಲೆಕ್ಕ ಹಾಕುವ ನೀರು ತಲೆಗೆ 55 ಲೀಟರಿನ ಮೂರು ಪಟ್ಟಿಗೂ ಹೆಚ್ಚು. ಜೊತೆಗೆ, ತಿಂಗಳುಗಟ್ಟಲೆ ಉಳಿಯುವ ವಿದ್ಯಾರ್ಥಿ ವಯಸ್ಸಿನವರ ಜೇಬಿಗೆ ಹೋಟೆಲು ಹೊಂದುವುದಿಲ್ಲ; ಅವರೇ ಬಂಡೆಯ ಬುಡದಲ್ಲಿ ಡೇರೆ ಹೂಡುವವರು. ಇನ್ನು ಊರಿಗೇನು ಲಾಭ ಎಂಬ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ. ಪುರಾತತ್ವ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡವಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಬಾದಾಮಿ, ಐಹೊಳೆಗಳ ಎಷ್ಟೋ ಕುಟುಂಬಗಳಿಗೆ ಒಂದು ಕೋಣೆ ಹೆಚ್ಚಿಸಿಕೊಳ್ಳುವುದೂ ಕಷ್ಟವಾಗಿದೆ. ಪರಂಪರೆಯ ಭಾರ ಹೊತ್ತವರು ಅವರು, ಲಾಭ ಮಾತ್ರ ಹೊರಗಿನ ರೆಸಾರ್ಟಿನವರಿಗೆ ಎಂದಾಗಬಾರದು. ಆದ್ದರಿಂದ ತಾಣದ ಒಡೆತನ ಪುರಸಭೆಯದೇ ಇರಲಿ, ದೀರ್ಘ ಗುತ್ತಿಗೆಗೆ ಹೋಗುವುದು ಬೇಡ. ಅಲ್ಲಿ ಉಪಾಹಾರ ಮಂದಿರ ತೆರೆಯದಿರಲಿ. ಊಟಕ್ಕೆ ಊರಿನ ಖಾನಾವಳಿಗಳಿವೆ, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಟ್ಟರೆ ಜೋಳದ ರೊಟ್ಟಿ, ಶೇಂಗಾ ಚಟ್ನಿಗಿಂತ ಒಳ್ಳೆಯ ಆಹಾರ ಬಂಡೆ ಏರುವವರಿಗೆ ಇನ್ನೊಂದಿಲ್ಲ. ಮಾರ್ಗದರ್ಶಕರು, ಬೋಲ್ಟುಗಳ ತುಕ್ಕು ಪರೀಕ್ಷಿಸುವವರು, ಅಪಘಾತವಾದಾಗ ಇಳಿಸಿ ತರುವವರು ಊರಿನ ಯುವಕ ಯುವತಿಯರೇ ಆಗಿರಲಿ, ತರಬೇತಿಯ ಖರ್ಚು ತಾಣದ ಶುಲ್ಕದಿಂದ ಬರಲಿ.

ತಾಣ ಮಾಡಿದರೆ ಇನ್ನಷ್ಟು ಜನ ಮುಗಿಬೀಳುತ್ತಾರೆ ಎಂಬ ಭಯಕ್ಕೆ ಆಧಾರವಿದೆ. ಇದನ್ನು ನಾನು ತಳ್ಳಿಹಾಕುವುದಿಲ್ಲ. ಮಿತಿಯಿಲ್ಲದ ಸಾಹಸ ಪ್ರವಾಸ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ದಾಂಡೇಲಿ-ಜೊಯಿಡಾದಲ್ಲಿ ಕಂಡಿದ್ದೇವೆ. 2022ರಲ್ಲಿ ಕಾಳಿ ನದಿಯ ಸೆಳೆತದಲ್ಲಿ ಮಿತಿಮೀರಿ ಜನ ತುಂಬಿದ ರಾಫ್ಟ್ ಸಿಕ್ಕಿಕೊಂಡ ಮೇಲೆ ಜಲಕ್ರೀಡೆ ನಿಲ್ಲಿಸಬೇಕಾಯಿತು. ಆದರೆ ಮಿತಿ ಹಾಕಿದ ಉದಾಹರಣೆಯೂ ನಮ್ಮಲ್ಲೇ ಇದೆ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ಬಂದ ಬಳಿಕ ಅರಣ್ಯ ಇಲಾಖೆ ಚಾರಣವನ್ನು ಆನ್‌ಲೈನ್ ಕಾಯ್ದಿರಿಸುವಿಕೆಗೆ ತಂದು, ದಿನಕ್ಕೆ 300 ಜನರ ಮಿತಿ ಇಟ್ಟಿತು. ಬಾದಾಮಿಯಲ್ಲೂ ಕಾಯ್ದಿರಿಸದೆ ಡೇರೆಯಿಲ್ಲ, ತಾಣದ ಹೊರಗೆ ಡೇರೆ ಹಾಕಿದರೆ ದಂಡ, ಮಳೆ ಬಿದ್ದ ಮರುದಿನ ಬಂಡೆಗೆ ರಜೆ ಎಂಬ ನಿಯಮ ಬರಲಿ. ಈ ನಿಯಮಗಳಿಗೆ ಬೆಲೆ ಬರುವುದು ಸಕ್ರಮ ತಾಣ ಇದ್ದಾಗ ಮಾತ್ರ. ಹೋಗಲು ಇನ್ನೊಂದು ಜಾಗವಿಲ್ಲದವನಿಗೆ ದಂಡ ಹಾಕುವ ಕಾನೂನು ಬಹಳ ದಿನ ನಡೆಯುವುದಿಲ್ಲ.

ಬಾದಾಮಿ ಬಾಗಲಕೋಟೆ ಜಿಲ್ಲೆಯದು, ಹುಬ್ಬಳ್ಳಿ-ಧಾರವಾಡಕ್ಕೆ ಇದರಲ್ಲೇನು ಕೆಲಸ ಎಂದರೆ, ಬೇಕಾದ ತಿಳಿವಳಿಕೆಯೆಲ್ಲ ಇರುವುದು ಇಲ್ಲೇ. ಬಾದಾಮಿಯ ಸ್ಮಾರಕಗಳನ್ನು ನೋಡಿಕೊಳ್ಳುವ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ವೃತ್ತ ಕಚೇರಿ ಧಾರವಾಡದಲ್ಲಿದೆ. ಯಾವ ಗೋಡೆಗೆ ಹಗ್ಗ ಬೇಡ ಎಂಬ ನಕ್ಷೆ ಅಲ್ಲಿಂದ ಬರಬೇಕು. ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ ವಾಲ್ಮಿ ಇಲ್ಲಿದೆ, ನೀರಿನ ಲೆಕ್ಕವನ್ನು ಮೇಲಿನ ನನ್ನ ಅಂದಾಜಿಗಿಂತ ಕರಾರುವಾಕ್ಕಾಗಿ ಅವರು ಮಾಡಬಲ್ಲರು. ಕೃಷಿ ವಿಶ್ವವಿದ್ಯಾಲಯ ಗೊಬ್ಬರದ ಸುರಕ್ಷತೆ ಪರೀಕ್ಷಿಸಬಲ್ಲದು. ಬಾಗಲಕೋಟೆ ಜಿಲ್ಲಾಡಳಿತ ಇವರನ್ನೂ ಪುರಸಭೆಯನ್ನೂ ಏರುವವರ ಪ್ರತಿನಿಧಿಗಳನ್ನೂ ಒಂದೇ ಮೇಜಿಗೆ ಕರೆಯಬೇಕು. 2015ರಲ್ಲಿ ಕೇಂದ್ರದ ಹೃದಯ್ ಯೋಜನೆ ದೇಶದ 12 ಪರಂಪರೆ ನಗರಗಳಲ್ಲಿ ಬಾದಾಮಿಯನ್ನೂ ಆರಿಸಿತ್ತು, 2019ಕ್ಕೆ ಅದು ಮುಗಿಯಿತು. ಇನ್ನೊಂದು ದೊಡ್ಡ ಯೋಜನೆ ಬರಲೆಂದು ಇಷ್ಟು ಸಣ್ಣ ಕೆಲಸಕ್ಕೆ ಕಾಯಬೇಕಿಲ್ಲ. ಆದರೆ ಮಳೆಗಾಲಕ್ಕೆ ಮುನ್ನ ಚಾವಣಿ ಏಳದಿದ್ದರೆ ತೊಟ್ಟಿಗೆ ನೀರಿಲ್ಲ, ತೊಟ್ಟಿಗೆ ನೀರಿಲ್ಲದಿದ್ದರೆ ನವೆಂಬರ್‌ನಲ್ಲಿ ತಾಣ ತೆರೆಯುವಂತಿಲ್ಲ. ಮುಂದಿನ ಹಂಗಾಮಿಗೆ ಬೇಕೆಂದರೆ ಜಾಗ ಗೊತ್ತುಮಾಡುವ ಮೊದಲ ಸಭೆ ಈ ಚಳಿಗಾಲದಲ್ಲೇ ನಡೆಯಬೇಕು, ಏರುವವರೂ ಜಾತ್ರೆಯ ಜನರೂ ಊರು ತುಂಬಿರುವಾಗ, ಹೊರೆ ಎಷ್ಟೆಂಬುದು ಕಣ್ಣೆದುರೇ ಕಾಣುವಾಗ.